ಮೂಲೆ ತುಂಡಿನ ಕಾಲುಭಾಗ

ಬಿ.ಸಿ.ರೋಡಿನಲ್ಲಿ ಪ್ಲೈವುಡ್ ಬೇಕಾದವರು ಲೋಕನಾಥಣ್ಣನ ಅಂಗಡಿಗೆ ಹೋಗುತ್ತಾರೆ. ಬೇಡದವರೂ ಹೋಗುತ್ತಾರೆ, ಅವರ ಗೇಲಿ ಮಾತು ಕೇಳುವುದಕ್ಕೆ. ಬಸ್ಸಿಗೆ ಅರ್ಧ ಗಂಟೆ ಇದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಸೆಕೆಗೆ ಬೇಯುವುದಕ್ಕಿಂತ ಅಲ್ಲಿ ಫ್ಯಾನಿನ ಕೆಳಗೆ ಕುಳಿತು ಇನ್ನೊಬ್ಬರ ಮಾನ ಹೋಗುವುದನ್ನು ನೋಡುವುದು ಮೇಲು ಎಂದು ಸುತ್ತಲಿನವರ ಲೆಕ್ಕಾಚಾರ. ತಮ್ಮದೇ ಸರದಿ ಬಂದಾಗ ಮಾತ್ರ ಬಸ್ಸು ಬಂದಂತಾಗುತ್ತದೆ.

ಮಾತು ಬಿಟ್ಟರೆ ಲೋಕನಾಥಣ್ಣನಿಗೆ ಇದ್ದ ಇನ್ನೊಂದು ಹೆಮ್ಮೆ, ಅಂಗಡಿಯಲ್ಲಿ ಯಾವುದೂ ಹಾಳಾಗುವುದಿಲ್ಲ ಎಂಬುದು. ಶೀಟು ಕೊಯ್ದು ಉಳಿದ ತುಂಡುಗಳನ್ನು ಅವರು ಹಿತ್ತಿಲಿನ ಶೆಡ್ಡಿನಲ್ಲಿ ಗಾತ್ರದ ಪ್ರಕಾರ ಜೋಡಿಸಿಡುತ್ತಿದ್ದರು. ಉದ್ದ ಪಟ್ಟಿಗಳು ಖಾಸಗಿ ಬಸ್ಸಿನ ಊರ ಹೆಸರಿನ ಬೋರ್ಡುಗಳಾಗುತ್ತಿದ್ದವು, ಚೌಕಗಳು ಊಟದ ಮಣೆಗಳಾಗುತ್ತಿದ್ದವು, ಮರದ ಹುಡಿಯನ್ನು ಕೋಳಿ ಫಾರ್ಮಿನವರು ಗೋಣಿಯಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದರು. ಕೊಯ್ಯುವ ಶಬ್ದವೊಂದನ್ನು ಮಾರುವ ದಾರಿ ಅವರಿಗೆ ಇನ್ನೂ ಸಿಕ್ಕಿರಲಿಲ್ಲ.

ಆ ಶಬ್ದದ ನಡುವೆ ಹದಿನೆಂಟು ವರ್ಷ ನಿಂತವನು ಧರ್ಣಪ್ಪ. ಕಿವಿಯ ಮೇಲೆ ಪೆನ್ಸಿಲು, ಬಾಯಿಯಲ್ಲಿ ಎಲೆಯಡಿಕೆ, ಗರಗಸದ ಮೆಷಿನಿನ ಮೇಲೆ ಒಂದು ಕೈ. ಗೆರೆ ಹಾಕಿದರೆ ಗೆರೆಯ ಮೇಲೆಯೇ ಕೊಯ್ಯುತ್ತಿದ್ದ, ಅದರ ಆಚೆ ಈಚೆ ಕೂದಲಷ್ಟೂ ಹೋಗುತ್ತಿರಲಿಲ್ಲ. ಅಂಥ ಕೈ ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಇನ್ನೊಂದಿಲ್ಲ ಎಂದು ಲೋಕನಾಥಣ್ಣ ಗಿರಾಕಿಗಳಿಗೆ ಹೇಳುತ್ತಿದ್ದರು. ಧರ್ಣಪ್ಪನಿಗೆ ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಹೇಳಿದರೆ ಆ ಕೈ ಬೇರೆ ಅಂಗಡಿಯ ಕಡೆ ನೋಡೀತು ಎಂಬ ವ್ಯಾಪಾರದ ಭಯ.

ಈಗ ಲೋಕನಾಥಣ್ಣನನ್ನು ಬಾಧಿಸುತ್ತಿರುವುದು ಶುರುವಾದದ್ದು ಹದಿನಾಲ್ಕು ವರ್ಷದ ಹಿಂದೆ, ಒಂದು ಒಳ್ಳೆಯ ಕೆಲಸದಿಂದ. ಫರಂಗಿಪೇಟೆಯಿಂದ ಸ್ವಲ್ಪ ಒಳಗೆ ಅವರು ಕಲಿತ ಸರಕಾರಿ ಪ್ರಾಥಮಿಕ ಶಾಲೆ ಇತ್ತು. ಅದರ ಅಭಿವೃದ್ಧಿ ಸಮಿತಿಗೆ ಆಗ ಅವರೇ ಅಧ್ಯಕ್ಷರು. ಗಣಿತ ಕಲಿಸುತ್ತಿದ್ದ ವಾರಿಜಾಕ್ಷಿ ಟೀಚರು ಒಂದು ದಿನ ಅಂಗಡಿಗೆ ಬಂದು, ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಭಿನ್ನರಾಶಿ ಬಾಯಿಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಕೈಯಲ್ಲಿ ಹಿಡಿಯಲು ಮರದ ಅರ್ಧ, ಕಾಲು ಮಾಡಿಸಿಕೊಡಬಹುದಾ ಎಂದು ಕೇಳಿದರು. ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ಮನೆಯ ಬಟ್ಟಲನ್ನು ಕವುಚಿ ಹಾಕಿ ಎಳೆದ ಎರಡು ವೃತ್ತಗಳು. ಒಂದನ್ನು ಎರಡು ಪಾಲು ಮಾಡಿದ್ದರು, ಇನ್ನೊಂದನ್ನು ನಾಲ್ಕು. ಎರಡಕ್ಕೂ ಒಂದೇ ಬಟ್ಟಲು ಇಟ್ಟಿದ್ದೇನೆ ಎಂದು ಟೀಚರು ಎರಡೆರಡು ಸಲ ಹೇಳಿದರು. ಲೋಕನಾಥಣ್ಣ ಟೀ ತರಿಸಿದರು, ಹತ್ತು ಸೆಟ್ಟು ಪುಕ್ಕಟೆ ಎಂದರು, ಕಾಗದವನ್ನು ಡ್ರಾಯರಿಗೆ ಹಾಕಿದರು.

ಆ ವಾರ ಮೂಡುಬಿದಿರೆಯ ಒಂದು ಹೋಟೆಲಿನವರಿಗೆ ದುಂಡು ಮೇಜಿನ ಹಲಗೆಗಳ ಕೆಲಸ ನಡೆಯುತ್ತಿತ್ತು. ಚೌಕ ಶೀಟಿನಿಂದ ದುಂಡು ಕೊಯ್ದರೆ ನಾಲ್ಕು ಮೂಲೆಗಳು ಉಳಿಯುತ್ತವೆ. ಪ್ರತಿ ಮೂಲೆಯಲ್ಲೂ ಶೀಟಿನದೇ ಚೌಕ ಕೋನ ಸಿದ್ಧ ಇರುತ್ತದೆ, ಒಂದು ಕಮಾನು ಕೊಯ್ದರೆ ಕಾಲುಭಾಗ ತಯಾರು. ಹಾಗೆಯೇ ಬಸ್ಸಿನ ಬೋರ್ಡುಗಳಿಂದ ಉಳಿದ ಐದಿಂಚಿನ ಪಟ್ಟಿಗಳೂ ರಾಶಿ ಬಿದ್ದಿದ್ದವು. ಅವುಗಳ ಮೇಲೆ ಅರ್ಧಚಂದ್ರ ಗೀಚಿದರೆ ಅರ್ಧಭಾಗ ತಯಾರು. ಒಂದೇ ಒಂದು ಹೊಸ ಶೀಟು ಮುಟ್ಟಬೇಕಾಗಿಲ್ಲ. ಇದು ಹೊಳೆದ ಸಂತೋಷಕ್ಕೆ ಲೋಕನಾಥಣ್ಣ ಆ ದಿನ ಇನ್ನೊಂದು ಟೀ ಕುಡಿದರು.

ಧರ್ಣಪ್ಪ ಮೊದಲ ಜೋಡಿ ಕೊಯ್ದು ಕೈಯಲ್ಲಿ ಹಿಡಿದು ನೋಡಿದ. ಮೂಲೆಯಿಂದ ಬಂದ ಕಾಲು ಒಂಬತ್ತು ಇಂಚು ಉದ್ದಕ್ಕೆ ಬೀಸಣಿಗೆಯ ಹಾಗೆ ಹರಡಿತ್ತು. ಪಟ್ಟಿಯಿಂದ ಬಂದ ಅರ್ಧ ಅದರ ಪಕ್ಕ ಅದರ ಮಗುವಿನ ಹಾಗೆ ಕಾಣುತ್ತಿತ್ತು.

"ಧನಿ, ಇದು ಎರಡೂ ಒಂದೇ ರೌಂಡಿನದ್ದಲ್ಲ," ಅಂದ.

"ಅರ್ಧ ಅಂದರೆ ಅರ್ಧವೇ ಮಾರಾಯ. ದೊಡ್ಡದರದ್ದೂ ಅರ್ಧ, ಸಣ್ಣದರದ್ದೂ ಅರ್ಧ. ನೀನು ಕೊಯ್ಯಿ. ಟೀಚರಾಗುವುದು ಆಮೇಲೆ."

ಧರ್ಣಪ್ಪ ಕೊಯ್ದ. ಅರ್ಧಗಳಿಗೆ ಕೆಂಪು, ಕಾಲುಗಳಿಗೆ ಹಳದಿ ಪೈಂಟು ಬಿತ್ತು. ಹಿಂಬದಿಯಲ್ಲಿ ಎಲ್ಲದಕ್ಕೂ ಅಂಗಡಿಯ ಹೆಸರು, ಫೋನ್ ನಂಬ್ರ. ಭಿನ್ನರಾಶಿ ಕಲಿತ ಮಗು ಮುಂದೆ ಮನೆ ಕಟ್ಟುವಾಗ ಪ್ಲೈವುಡ್ ಎಲ್ಲಿ ಸಿಗುತ್ತದೆ ಎಂದು ತಡಕಾಡಬಾರದಲ್ಲ.

ಪೆಟ್ಟಿಗೆ ತೆರೆದ ವಾರಿಜಾಕ್ಷಿ ಟೀಚರ ಮುಖ ಸ್ವಲ್ಪ ಇಳಿಯಿತು. ಎರಡರ ಇಡೀ ವೃತ್ತವೂ ಒಂದೇ ಅಳತೆಯದ್ದು ಇರಬೇಕಿತ್ತು, ಇಲ್ಲದಿದ್ದರೆ ಯಾವುದು ದೊಡ್ಡ ಭಾಗ ಎಂದು ಮಕ್ಕಳು ಹೋಲಿಸಲು ಆಗುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಮಕ್ಕಳಿಗೆ ಅಷ್ಟು ಸೂಕ್ಷ್ಮ ಯಾಕೆ ಎಂದು ಲೋಕನಾಥಣ್ಣ ನಕ್ಕರು. ದಾನದ ವಸ್ತುವಿನ ಅಳತೆ ಕೇಳುವುದು ಹೇಗೆ ಎಂದು ಟೀಚರೂ ಸುಮ್ಮನಾದರು. ಪೆಟ್ಟಿಗೆ ಕಪಾಟು ಸೇರಿತು. ಟೀಚರು ಅಲ್ಲಿ ಇದ್ದಷ್ಟು ದಿನ ಅದು ಹೊರಗೆ ಬರಲಿಲ್ಲ.

ಆದರೆ ಮೂರು ತಿಂಗಳಲ್ಲಿ ಟೀಚರಿಗೆ ಮೂಡುಬಿದಿರೆ ಕಡೆಗೆ ವರ್ಗವಾಯಿತು. ಅದರ ಹಿಂದೆಯೇ ಶಾಲೆಯಲ್ಲಿ ಕಲಿಕಾ ಮೇಳ ಬಂತು. ಶಾಮಿಯಾನ, ಮೈಕು, ಇಲಾಖೆಯಿಂದ ಒಬ್ಬ ಅಧಿಕಾರಿ. ನಾವು ಕೊಟ್ಟ ಸಾಮಾನು ಎಲ್ಲಿ ಎಂದು ಅಧ್ಯಕ್ಷರು ಕೇಳಿದ ಮೇಲೆ ಕಪಾಟಿನ ಬೀಗ ತೆರೆಯದೆ ಉಂಟೇ? ಹೊಸಬರಾದ ಮೇಷ್ಟ್ರು ಪೆಟ್ಟಿಗೆಯಿಂದ ಒಂದು ಕೆಂಪು, ಒಂದು ಹಳದಿ ತೆಗೆದು ಮೇಜಿನ ಮೇಲೆ ಚಂದಕ್ಕೆ ಇಟ್ಟರು.

ಅಧಿಕಾರಿ ಮಕ್ಕಳ ಸಾಲಿನಿಂದ ಕರೆದದ್ದು ವಿಸ್ಮಿತಾಳನ್ನು. ಧರ್ಣಪ್ಪನ ಮಗಳು, ನಾಲ್ಕನೇ ಕ್ಲಾಸು, ಕೇಳಿದ್ದಕ್ಕೆಲ್ಲ ಮೊದಲು ಕೈ ಎತ್ತುವವಳು. ಇದು ಅರ್ಧ, ಇದು ಕಾಲು, ನೋಡಿ ಹೇಳು ಯಾವುದು ದೊಡ್ಡದು ಎಂದು ಕೇಳಿದರು. ಬೇರೆ ಮಕ್ಕಳಾಗಿದ್ದರೆ ನೋಡದೆಯೇ ಅರ್ಧ ಅನ್ನುತ್ತಿದ್ದರು. ಇವಳು ಗರಗಸದವನ ಮಗಳು. ನೋಡಿ ಹೇಳು ಅಂದದ್ದಕ್ಕೆ ನಿಜವಾಗಿಯೂ ನೋಡಿದಳು. ಕೆಂಪನ್ನು ಹಳದಿಯ ಮೇಲೆ ಇಟ್ಟಳು, ಸುತ್ತ ಎಷ್ಟು ಹಳದಿ ಉಳಿಯುತ್ತದೆ ಎಂದು ಬೆರಳಾಡಿಸಿದಳು, ಎರಡನ್ನೂ ಎರಡು ಕೈಯಲ್ಲಿ ಹಿಡಿದು ತೂಗಿದಳು.

"ಕಾಲುಭಾಗ ದೊಡ್ಡದು ಸರ್," ಅಂದಳು.

ಶಾಮಿಯಾನ ನಕ್ಕಿತು. ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಮೈಕು ಲೋಕನಾಥಣ್ಣನ ಕೈಯಲ್ಲಿತ್ತು, ಮುಂದೆ ಮುನ್ನೂರು ಜನ ಇದ್ದರು.

"ಇವಳನ್ನು ಮಾತ್ರ ನನ್ನ ಅಂಗಡಿಯಲ್ಲಿ ಕೂರಿಸಬೇಡ ಧರ್ಣಪ್ಪಾ. ಅರ್ಧ ಶೀಟು ಕೇಳಿದವರಿಗೆ ಕಾಲು ಶೀಟು ಕೊಟ್ಟು, ದೊಡ್ಡದೇ ಕೊಟ್ಟಿದ್ದೇನೆ ಅಂತಾಳೆ."

ಎರಡನೆಯ ನಗು ಮೊದಲನೆಯದಕ್ಕಿಂತ ದೊಡ್ಡದಿತ್ತು. ಅದನ್ನು ಅಳೆಯಲು ಮರದ ತುಂಡು ಬೇಕಾಗಿರಲಿಲ್ಲ. ಹುಡುಗಿ ಶಾಮಿಯಾನದ ಕಂಬದ ಹತ್ತಿರ ನಿಂತಿದ್ದ ಅಪ್ಪನ ಕಡೆ ನೋಡಿದಳು. ಅವನು ಮೈಕಿನ ವಯರು ಯಾರ ಕಾಲಿಗೂ ಸಿಗದ ಹಾಗೆ ಹಿಡಿದುಕೊಂಡಿದ್ದ, ವಯರನ್ನೇ ನೋಡುತ್ತಿದ್ದ. ಅವಳು ತುಂಡುಗಳನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಸಾಲಿಗೆ ಹೋದಳು.

ಚೆನ್ನಾಗಿ ಓಡುವ ಸರಕನ್ನು ಲೋಕನಾಥಣ್ಣ ಒಮ್ಮೆ ಮಾರಿ ಬಿಡುವವರಲ್ಲ. ಶಾಲೆ ಬಿಟ್ಟ ಮೇಲೆ ಅಪ್ಪನ ಜೊತೆ ಮನೆಗೆ ಹೋಗಲು ವಿಸ್ಮಿತಾ ಬಸ್ಸಿನಲ್ಲಿ ಅಂಗಡಿಗೆ ಬರುತ್ತಿದ್ದಳು. ಬಂದಾಗಲೆಲ್ಲ ಅವರು ಎದುರಿನ ಹೋಟೆಲಿಗೆ ಕೇಳುವ ಹಾಗೆ, "ಟೀಚರಮ್ಮ ಬಂದರು. ಏನು ತರಿಸಲಿ, ಅರ್ಧ ಚಾ ಸಾಕಾ, ಅಲ್ಲ ದೊಡ್ಡದು ಕಾಲು ಚಾ ಬೇಕಾ?" ಎನ್ನುತ್ತಿದ್ದರು. ಫ್ಯಾನಿನ ಕೆಳಗೆ ಕುಳಿತವರು ನಗುತ್ತಿದ್ದರು. ಒಳಗೆ ಗರಗಸ ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತಿತ್ತು. ಆ ಒಂದು ಕ್ಷಣವನ್ನು ಲೋಕನಾಥಣ್ಣ ಆಗ ಕೇಳಿಸಿಕೊಂಡಿರಲಿಲ್ಲ. ಈಗ ಕೇಳಿಸುತ್ತದೆ. ಸ್ವಲ್ಪ ದಿನಗಳಲ್ಲಿ ಹುಡುಗಿ ಅಂಗಡಿಗೆ ಬರುವುದು ಬಿಟ್ಟು ರಸ್ತೆಯ ಆಚೆ, ಬಸ್ಸು ನಿಲ್ಲುವಲ್ಲಿ ಅಪ್ಪನಿಗೆ ಕಾಯತೊಡಗಿದಳು.

ಮರುವರ್ಷ ಶಾಲೆ ಶುರುವಾಗುವ ಮೊದಲು ಧರ್ಣಪ್ಪ ಕೆಲಸ ಬಿಟ್ಟ. ಕಕ್ಕಿಂಜೆಯಲ್ಲಿ ಹೆಂಡತಿಯ ಮನೆಯ ಕಡೆಯ ಜಾಗ ಉಂಟು, ಅಲ್ಲಿಯೇ ಏನಾದರೂ ಮಾಡುತ್ತೇನೆ ಎಂದ. ಸಂಬಳ ಹೆಚ್ಚು ಮಾಡುತ್ತೇನೆ ಎಂದರೂ ನಿಲ್ಲಲಿಲ್ಲ. ಹದಿನೆಂಟು ವರ್ಷ ಅನ್ನ ಕೊಟ್ಟದ್ದಕ್ಕೆ ಇದಾ ಎಂದು ಲೋಕನಾಥಣ್ಣ ಬಂದವರ ಮುಂದೆಲ್ಲ ಹೇಳಿಕೊಂಡರು. ಬಂದವರು ಹೌದೆಂದರು. ಫ್ಯಾನು ಲೋಕನಾಥಣ್ಣನದ್ದಲ್ಲವೇ. ಆಮೇಲೆ ಬಂದ ಕೆಲಸದವರು ಗೆರೆಯ ಪಕ್ಕದಲ್ಲಿ ಕೊಯ್ದರು, ಮೆಷಿನು ಹಾಳು ಎಂದರು, ಓಣಂಗೆ ಊರಿಗೆ ಹೋದವರು ಕ್ರಿಸ್ಮಸಿಗೂ ಬರಲಿಲ್ಲ.

ಈ ಕಥೆ ಅಲ್ಲಿಗೇ ಮುಚ್ಚಿಹೋಗುತ್ತಿತ್ತು. ಆದರೆ ಮಕ್ಕಳು ಕಡಿಮೆಯಾಗಿ ಆ ಶಾಲೆಯನ್ನು ಈ ವರ್ಷ ಪಕ್ಕದೂರಿನ ಶಾಲೆಗೆ ಸೇರಿಸಿದರು. ಕಪಾಟು ಖಾಲಿ ಮಾಡಿದವರು ತುಂಡುಗಳ ಹಿಂಬದಿಯಲ್ಲಿದ್ದ ಫೋನ್ ನಂಬ್ರಕ್ಕೆ ಕರೆ ಮಾಡಿ ಪೆಟ್ಟಿಗೆಯನ್ನು ಲೋಕನಾಥಣ್ಣನಿಗೇ ತಲುಪಿಸಿದರು. ಹಾಕಿದ ಜಾಹೀರಾತಿಗೆ ಬಂದದ್ದು ಅದೊಂದೇ ಕರೆ.

ದಸರಾ ರಜೆಗೆ ಮೂಡುಬಿದಿರೆಯಿಂದ ಮಗಳ ಮಗಳು ಪ್ರಾಪ್ತಿ ಬಂದಿದ್ದಳು. ಅವಳೂ ಈಗ ನಾಲ್ಕನೇ ಕ್ಲಾಸು. ಪೆಟ್ಟಿಗೆಯನ್ನು ಜಗಲಿಯಲ್ಲಿ ಸುರಿದು ಕೆಂಪು ಎರಡು ಸೇರಿಸಿದಳು, ಹಳದಿ ನಾಲ್ಕು ಸೇರಿಸಿದಳು. ಒಂದು ತಟ್ಟೆಯಷ್ಟು ವೃತ್ತ, ಒಂದು ಪರಾತದಷ್ಟು ವೃತ್ತ. ಸಣ್ಣದನ್ನು ದೊಡ್ಡದರ ಮೇಲೆ ಇಟ್ಟು ಸುತ್ತಲೂ ನಾಲ್ಕು ಬೆರಳು ಹಳದಿ ಉಳಿದದ್ದನ್ನು ನೋಡಿದಳು.

"ಅಜ್ಜ, ಇದು ಚೀಟಿಂಗ್," ಅಂದಳು.

ಲೋಕನಾಥಣ್ಣ ಪೇಪರು ಕೆಳಗಿಟ್ಟರು. ಅರವತ್ತೈದು ವರ್ಷದಲ್ಲಿ ಆ ಮಾತನ್ನು ಅವರಿಗೆ ಎದುರಿನಲ್ಲಿ ಯಾರೂ ಹೇಳಿರಲಿಲ್ಲ.

ಪ್ರಾಪ್ತಿ ವಿವರಿಸಿದಳು. ಎರಡೂ ಒಂದೇ ಸೈಜಿನ ಚಪಾತಿಯಿಂದ ತೆಗೆದದ್ದಾದರೆ ಮಾತ್ರ ಅರ್ಧ ದೊಡ್ಡದು, ಕಾಲು ಸಣ್ಣದು. ಒಂದು ಚಪಾತಿ ದೊಡ್ಡದು, ಒಂದು ಸಣ್ಣದು ಆದರೆ ಹೋಲಿಸಲಿಕ್ಕೇ ಇಲ್ಲ. ಅದಕ್ಕೆ ಅವರ ಮಿಸ್ಸು ಪುಸ್ತಕದಲ್ಲಿ ಒಂದರ ಕೆಳಗೆ ಒಂದು ಸಮ ಉದ್ದದ ಪಟ್ಟಿ ಎಳೆಸುತ್ತಾರಂತೆ. ಮೇಲಿನದ್ದನ್ನು ಎರಡು ಮನೆ ಮಾಡಿ ಒಂದಕ್ಕೆ ಬಣ್ಣ, ಕೆಳಗಿನದ್ದನ್ನು ನಾಲ್ಕು ಮನೆ ಮಾಡಿ ಒಂದಕ್ಕೆ ಬಣ್ಣ. ಪಟ್ಟಿಗಳ ಉದ್ದ ತಪ್ಪಿದರೆ ಮಿಸ್ಸು ರಬ್ಬರು ಕೊಟ್ಟು ಪೂರ್ತಿ ಅಳಿಸಲು ಹೇಳುತ್ತಾರಂತೆ.

"ಒಬ್ಬಳು ಹುಡುಗಿ ಇದನ್ನು ನೋಡಿ ಕಾಲು ದೊಡ್ಡದು ಅಂದಿದ್ದಳು," ಎಂದರು ಲೋಕನಾಥಣ್ಣ, ತಮಗೇ ಹೇಳಿಕೊಳ್ಳುವ ಹಾಗೆ.

"ಕರೆಕ್ಟ್ ಅಲ್ಲವಾ? ಕಣ್ಣಿಗೇ ಕಾಣ್ತದಲ್ಲ. ಮತ್ತೆ ನೀವು ಎಂಥ ಹೇಳಿದಿರಿ?"

ಲೋಕನಾಥಣ್ಣ ಎದ್ದು ನೀರು ಕುಡಿಯಲು ಒಳಗೆ ಹೋದರು. ಅಡುಗೆಮನೆಯಲ್ಲಿ ಹೆಂಡತಿ ಕಾಂತಿ ಏನಾಯಿತು ಎಂದು ಕೇಳಿದಾಗ, ಧರ್ಣಪ್ಪ ಯಾಕೆ ಹೋದ ಎಂದು ಗೊತ್ತಾಯಿತು ಎಂದರು. ಅದು ನನಗೆ ಆಗಲೇ ಗೊತ್ತಿತ್ತು, ನೀವು ಒಮ್ಮೆಯೂ ಕೇಳಲಿಲ್ಲ ಎಂದು ಕಾಂತಿ ತೆಂಗಿನಕಾಯಿ ತುರಿಯುತ್ತಲೇ ಹೇಳಿದರು.

ಮರುದಿನ ಲೋಕನಾಥಣ್ಣ ಅಂಗಡಿಯಲ್ಲಿ ಹೊಸ ಶೀಟೊಂದನ್ನು ಮೆಷಿನಿನ ಮೇಲೆ ಹಾಕಿದರು. ಡ್ರಾಯರಿನ ತಳದಲ್ಲಿ ಟೀಚರ ಕಾಗದ ಮಡಚಿದ ಹಾಗೆಯೇ ಇತ್ತು. ಅದರ ಪ್ರಕಾರ ಒಂದೇ ಬಟ್ಟಲು ಇಟ್ಟು ವೃತ್ತಗಳನ್ನು ಗೀಚಿ, ತಾವೇ ಕೊಯ್ದರು. ನಡುವೆ ಉಳಿದ ವಕ್ರ ತುಂಡುಗಳು ಯಾವುದಕ್ಕೂ ಆಗುವಂಥವಲ್ಲ. ಅವನ್ನು ಎತ್ತಿಡಲಿಲ್ಲ. ಕೆಲಸದವರು ಧನಿಗೆ ಮೈ ಹುಷಾರಿಲ್ಲವಾ ಎಂದು ಮುಖ ಮುಖ ನೋಡಿಕೊಂಡರು.

ಭಾನುವಾರ ಕಾರಿನಲ್ಲಿ ಒಬ್ಬರೇ ಹೊರಟರು. ಹಿಂದಿನ ಸೀಟಿನಲ್ಲಿ ಹಳೆಯದು ಒಂದು ಜೋಡಿ, ಹೊಸದು ಒಂದು ಸೆಟ್ಟು. ಬೆಳ್ತಂಗಡಿ ದಾಟುವವರೆಗೆ ಹೇಳಬೇಕಾದ ಮಾತನ್ನು ಹತ್ತು ರೀತಿ ಜೋಡಿಸಿದರು. ಒಂಬತ್ತರಲ್ಲಿ ಕೊನೆಗೆ ಒಂದು ನಗು ಇತ್ತು. ಹತ್ತನೆಯದು ಮಾತ್ರ, ನೀನು ಹೇಳಿದ್ದು ಸರಿ ಇತ್ತು, ತಪ್ಪು ನನ್ನದು ಎಂದಿತ್ತು. ಅದನ್ನು ಹೇಳಿ ಅಭ್ಯಾಸವಿರಲಿಲ್ಲ.

ಕಕ್ಕಿಂಜೆಯಲ್ಲಿ ಧರ್ಣಪ್ಪನ ಮನೆ ಎಂದು ಕೇಳಿದರೆ, ಕಿಟಕಿ ಬಾಗಿಲಿನ ಧರ್ಣಪ್ಪಣ್ಣನಾ ಎಂದು ತೋರಿಸಿದರು. ಮನೆಗೆ ತಾಗಿ ಸಣ್ಣ ಶೆಡ್ಡು, ಒಂದು ಮೆಷಿನು. ಧರ್ಣಪ್ಪ ಬಾಗಿಲ ಚೌಕಟ್ಟಿಗೆ ಉಳಿ ಹಾಕುತ್ತಿದ್ದ, ಕಾರು ಅಂಗಳಕ್ಕೆ ಬಂದರೂ ತಲೆ ಎತ್ತಲಿಲ್ಲ. ಒಳಗಿನಿಂದ ಬಂದವಳು ವಿಸ್ಮಿತಾ. ಇಪ್ಪತ್ತಮೂರು ವರ್ಷ. ಬೆಳ್ತಂಗಡಿಯ ಒಂದು ಸೊಸೈಟಿಯಲ್ಲಿ ಕ್ಲರ್ಕು ಎಂದು ಆಮೇಲೆ ಗೊತ್ತಾಯಿತು. ಗುರುತು ಹಿಡಿದಳು. ಬನ್ನಿ ಎಂದಳು, ಕುರ್ಚಿ ತಂದು ಹಾಕಿದಳು, ಹೋಗಿ ಅಪ್ಪನ ಭುಜ ಮುಟ್ಟಿದಳು.

ಧರ್ಣಪ್ಪ ನೋಡಿದ. ಮುಖ ಅರಳಿತು. ಅದೇ ಲೋಕನಾಥಣ್ಣನಿಗೆ ಕಷ್ಟವಾದದ್ದು. ಸಿಟ್ಟಿಗೆ ಅವರು ಸಿದ್ಧವಾಗಿ ಬಂದಿದ್ದರು.

ಮಾತು ಶುರು ಮಾಡಿದರು. ಧರ್ಣಪ್ಪ ನಗುತ್ತಾ ತಲೆಯಾಡಿಸಿದ. ಇನ್ನೂ ಸ್ವಲ್ಪ ಹೇಳಿದರು. ಅದಕ್ಕೂ ಹಾಗೆಯೇ ತಲೆಯಾಡಿಸಿದ.

"ಅಪ್ಪನಿಗೆ ಕೇಳುವುದಿಲ್ಲ," ಅಂದಳು ವಿಸ್ಮಿತಾ. "ಮೆಷಿನಿನ ಶಬ್ದಕ್ಕೆ ಹೋದದ್ದಂತೆ, ಡಾಕ್ಟ್ರು ಹೇಳಿದ್ದು. ಜೋರಾಗಿ ಹೇಳಬೇಕು."

ಲೋಕನಾಥಣ್ಣ ಸುತ್ತ ನೋಡಿದರು. ಪಕ್ಕದ ಮನೆಯಲ್ಲಿ ರಬ್ಬರ್ ಶೀಟು ಒಣಹಾಕುತ್ತಿದ್ದ ಇಬ್ಬರು ಹೆಂಗಸರು ಇದ್ದರು. ದಾರಿಯಲ್ಲಿ ಸ್ಕೂಟರು ನಿಲ್ಲಿಸಿ ಫೋನಿನಲ್ಲಿ ಮಾತಾಡುತ್ತಿದ್ದ ಒಬ್ಬನಿದ್ದ. ಆ ದಿನ ಮೈಕು ಇತ್ತು, ಇಲ್ಲಿ ಗಂಟಲು ಮಾತ್ರ.

"ಆ ಮೇಳದ ದಿನ," ಎಂದು ಕೂಗಿದರು, "ಇವಳು ಹೇಳಿದ್ದು ಸರಿ ಇತ್ತು. ತಪ್ಪು ನನ್ನದು. ನೀನು ಮೊದಲೇ ಹೇಳಿದ್ದಿ, ನಾನು ಕೇಳಲಿಲ್ಲ."

ರಬ್ಬರ್ ಶೀಟು ಹಿಡಿದ ಕೈಗಳು ನಿಂತವು. ಸ್ಕೂಟರಿನವನೂ ಫೋನು ಕಿವಿಯಿಂದ ತೆಗೆದ. ಲೋಕನಾಥಣ್ಣ ಹಳೆಯ ಕೆಂಪು ಹಳದಿ ತುಂಡುಗಳನ್ನು ಧರ್ಣಪ್ಪನ ಕೈಯಲ್ಲಿಟ್ಟರು. ಅವನು ಅವನ್ನು ತಿರುಗಿಸಿ, ಕೊಯ್ದ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದ. ತನ್ನದೇ ಕೈಕೆಲಸ ಎಂದು ಅಂಚೇ ಹೇಳಿರಬೇಕು.

"ನಾನು ಹೇಳಬೇಕಿತ್ತು ಧನಿ," ಅಂದ, ಕಿವಿ ಕೇಳದವರ ಜೋರು ದನಿಯಲ್ಲಿ. "ಕೊಯ್ದವ ನಾನು. ಮಗಳು ನನ್ನ ಮುಖ ನೋಡಿದಳು, ನಾನು ವಯರು ಹಿಡಿದುಕೊಂಡು ನಿಂತೆ."

ಲೋಕನಾಥಣ್ಣ ತಮ್ಮ ತಪ್ಪನ್ನು ಇಳಿಸಿ ಹೋಗಲು ಬಂದಿದ್ದರು. ಅದರಲ್ಲಿ ಅರ್ಧವನ್ನು ಇಷ್ಟು ವರ್ಷ ಈತ ಹೊತ್ತಿದ್ದ ಎಂದಾಯಿತು. ಅದನ್ನು ವಾಪಸು ತೆಗೆದುಕೊಳ್ಳುವುದು ಹೇಗೆ?

ವಿಸ್ಮಿತಾ ಚಾ ತಂದಳು. ಲೋಟ ತುಂಬ, ಅಂಚಿನವರೆಗೆ. ಲೋಕನಾಥಣ್ಣ ಅವಳ ಮುಖ ನೋಡಿದರು. ಅರ್ಧವಾ ಕಾಲಾ ಎಂದು ಅವಳು ಒಂದು ಮಾತು ಕುಟುಕಿದ್ದರೆ ಎದೆ ಹಗುರವಾಗುತ್ತಿತ್ತು. ಅವಳು ಸಕ್ಕರೆ ಸಾಕಾ ಎಂದಷ್ಟೇ ಕೇಳಿದಳು.

"ನಿನಗೆ ಆಗಲೇ ಗೊತ್ತಿತ್ತಾ ಮಗಾ, ನೀನು ಹೇಳಿದ್ದು ಸರಿ ಅಂತ?" ಕೇಳಿದರು.

"ಗೊತ್ತಿತ್ತು. ಇಟ್ಟು ನೋಡಿದ್ದೆನಲ್ಲ." ಸೆರಗಿನ ಪಿನ್ನು ಸರಿ ಮಾಡಿಕೊಂಡಳು. "ಆಮೇಲೆ ಇಟ್ಟು ನೋಡುವುದು ಬಿಟ್ಟೆ. ಪುಸ್ತಕದಲ್ಲಿ ಏನುಂಟೋ ಅದನ್ನೇ ಬರೆದೆ. ಮಾರ್ಕು ಒಳ್ಳೆಯದೇ ಬಂತು."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಲೋಕನಾಥಣ್ಣ ಏನಾದರೂ ಉತ್ತರ ಹುಡುಕುತ್ತಿದ್ದರು. ಮೊದಲು ಕೈ ಎತ್ತುತ್ತಿದ್ದ ಆ ಹುಡುಗಿ ಏನಾಗಬಹುದಿತ್ತು ಎಂದು ಯಾರಿಗೆ ಗೊತ್ತು? ಕ್ಲರ್ಕೇ ಆಗುತ್ತಿದ್ದಳೋ ಏನೋ. ಆದರೆ ನೋಡಿದ್ದನ್ನು ನೋಡಿದೆ ಎಂದು ಹೇಳುವ ಕ್ಲರ್ಕು.

ಚಾ ಮುಗಿಸಿ, ಕಾರಿನಿಂದ ಹೊಸ ಸೆಟ್ಟಿನ ಪೆಟ್ಟಿಗೆ ತಂದರು. ಇಲ್ಲಿನ ಶಾಲೆಗೆ ಕೊಡಬಹುದು, ಈ ಸಲ ಸರಿಯಾಗಿ ಕೊಯ್ದಿದ್ದೇನೆ, ಹೆಸರು ಕೂಡ ಬರೆಸಲಿಲ್ಲ ಎಂದರು. ವಿಸ್ಮಿತಾ ಕೂಡಲೇ ತೆಗೆದುಕೊಳ್ಳಲಿಲ್ಲ. ಜಗಲಿಯ ಮೇಲೆ ಕುಳಿತು ಒಂದು ಅರ್ಧ ಎತ್ತಿಕೊಂಡಳು. ಅದರ ಮೇಲೆ ಎರಡು ಕಾಲುಗಳನ್ನು ಜೋಡಿಸಿದಳು, ಅಂಚಿನ ಸುತ್ತ ಬೆರಳಾಡಿಸಿದಳು. ಅವನ್ನು ತೆಗೆದು ಬೇರೆ ಎರಡು ಕಾಲು ಇಟ್ಟು ನೋಡಿದಳು. ಧರ್ಣಪ್ಪ ಬಾಗಿ ನೋಡಿದ. ಪಕ್ಕದ ಮನೆಯ ಹೆಂಗಸರು ಬೇಲಿಯ ಹತ್ತಿರ ಬಂದು ನೋಡಿದರು. ಲೋಕನಾಥಣ್ಣ ಎದ್ದು ನಿಂತು ಕಾದರು. ಅವರ ಅಂಗಡಿಯ ಮಾಲನ್ನು ಯಾರೂ ಇಷ್ಟು ಹೊತ್ತು ಪರೀಕ್ಷೆ ಮಾಡಿದ್ದಿಲ್ಲ. ಮಾಡಿದ್ದರೆ ಅವರು ಬಿಡುತ್ತಲೂ ಇರಲಿಲ್ಲ.

"ಒಂದು ಕಡೆ ನೂಲಿನಷ್ಟು ಹೆಚ್ಚು ಉಂಟು," ಅಂದಳು ವಿಸ್ಮಿತಾ.

ಧರ್ಣಪ್ಪ ಮಗಳ ಬೆರಳಿದ್ದ ಜಾಗ ನೋಡಿದ, ಕಾಲುಭಾಗವನ್ನು ಅವಳ ಕೈಯಿಂದ ತೆಗೆದುಕೊಂಡು ಶೆಡ್ಡಿಗೆ ಹೋದ. ಮರಳು ಕಾಗದ ಉಜ್ಜುವ ಶಬ್ದ ಬಹಳ ಹೊತ್ತು ಬಂತು. ತಂದುಕೊಟ್ಟಾಗ ಅವಳು ಮತ್ತೊಮ್ಮೆ ಇಟ್ಟು ನೋಡಿದಳು.

"ಈಗ ಸರಿ ಉಂಟು," ಎಂದು ಪೆಟ್ಟಿಗೆಯ ಮುಚ್ಚಳ ಹಾಕಿದಳು.